ಬೀಳದೆ ನಿಲ್ಲುವ ವಿದ್ಯೆ

ಓದುಗರು ಈ ಪುಟವನ್ನು ಕ್ಷಣಕಾಲ ಬದಿಗಿಟ್ಟು ಒಂದು ಸಣ್ಣ ಪ್ರಯೋಗ ಮಾಡಿ ನೋಡಬೇಕೆಂದು ನಮ್ಮ ಕೋರಿಕೆ. ಗೋಡೆಯ ಪಕ್ಕದಲ್ಲಿ, ಬೇಕೆಂದ ಕೂಡಲೆ ಕೈ ಊರಲು ಆಗುವಂತೆ, ಬರಿಗಾಲಿನಲ್ಲಿ ನಿಂತು ಒಂದು ಕಾಲನ್ನು ನೆಲದಿಂದ ಎತ್ತಿರಿ. ಹದಿನೆಂಟರ ಪ್ರಾಯದವರಿಗೆ ಇದು ಕಷ್ಟವಲ್ಲ. ಈಗ ಕಣ್ಣು ಮುಚ್ಚಿರಿ. ಕೆಲವೇ ಸೆಕೆಂಡುಗಳಲ್ಲಿ ಪಾದವು ಅತ್ತಿತ್ತ ಹೊಯ್ದಾಡತೊಡಗುತ್ತದೆ. ಕಾಲಿನ ಹರಡಿನ ಸುತ್ತಲಿನ ಸ್ನಾಯುಗಳು ಒಂದಾದ ಮೇಲೊಂದು ಬಿಗಿದು ಸಡಿಲುತ್ತವೆ. ಕೈಗಳು ನಮ್ಮನ್ನು ಕೇಳದೆಯೇ ಅಗಲವಾಗುತ್ತವೆ. ‘ಸುಮ್ಮನೆ ನಿಂತಿದ್ದೇನೆ’ ಎಂದು ನಾವು ದಿನವೂ ಆಡುವ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದು ಆಗ ತಿಳಿಯುತ್ತದೆ. ಮನುಷ್ಯನು ಸುಮ್ಮನೆ ನಿಲ್ಲುವುದೆಂಬುದೇ ಇಲ್ಲ. ಅವನು ಸದಾ ಬೀಳುತ್ತಿರುತ್ತಾನೆ. ಬೀಳುವುದು ಮುಗಿಯುವ ಮೊದಲೇ ತನ್ನನ್ನು ತಾನು ಹಿಡಿದುಕೊಳ್ಳುತ್ತಿರುತ್ತಾನೆ.

ನಾಲ್ಕು ಕಾಲಿನ ಮೇಜು ಬೀಳದಿರಲು ಯಾವ ಪ್ರಯತ್ನವನ್ನೂ ಮಾಡಬೇಕಾಗಿಲ್ಲ. ನಮ್ಮ ದೇಹದ ಕಟ್ಟಡವಾದರೋ ಬೇರೆ ಬಗೆಯದು. ಐದಾರು ಅಡಿ ಎತ್ತರದ ಕಂಬಕ್ಕೆ ಎರಡು ಪಾದಗಳಷ್ಟೇ ತಳಹದಿ. ನೆಟ್ಟಗೆ ನಿಂತವನ ಗುರುತ್ವಕೇಂದ್ರವು ಹೊಕ್ಕುಳಿಗಿಂತ ತುಸು ಕೆಳಗೆ, ದೇಹದ ಒಳಗೆ ಇರುತ್ತದೆ. ಗಾರೆಕೆಲಸದವರು ಬಳಸುವ ತೂಕದ ಗುಂಡನ್ನು ಅಲ್ಲಿಂದ ಇಳಿಬಿಟ್ಟೆವೆಂದು ಭಾವಿಸಿದರೆ, ಅದು ಹರಡಿನ ಕೀಲಿಗಿಂತ ಸ್ವಲ್ಪ ಮುಂದೆ ನೆಲವನ್ನು ಮುಟ್ಟುತ್ತದೆ. ಎಂದರೆ ದೇಹಕ್ಕೆ ಮುಂದಕ್ಕೆ ವಾಲುವುದೇ ಸಹಜ. ಮೀನಖಂಡದ ಸ್ನಾಯುಗಳು ಅದನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತವೆ. ನಡಿಗೆಯಲ್ಲಿ ಈ ಸಾಹಸ ಇನ್ನೂ ಹೆಚ್ಚು. ನಡೆಯುವ ಹೊತ್ತಿನ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ನಾವು ಒಂಟಿಕಾಲಿನ ಮೇಲಿರುತ್ತೇವೆ. ಎತ್ತಿ ಮುಂದಿಡುವ ಪಾದದ ಬೆರಳ ತುದಿ ನೆಲದಿಂದ ಒಂದೆರಡು ಸೆಂಟಿಮೀಟರಿನಷ್ಟೇ ಮೇಲೆ ಹಾಯ್ದು ಹೋಗುವ ಘಳಿಗೆಯೊಂದು ಪ್ರತಿ ಹೆಜ್ಜೆಯಲ್ಲಿಯೂ ಇರುತ್ತದೆ. ಬಾಗಿಲಲ್ಲಿ ಹಾಸಿದ ಗೋಣಿತಟ್ಟಿನ ಮಡಿಕೆಯೊಂದು ಇದಕ್ಕಿಂತ ದಪ್ಪವಾಗಿರಬಹುದು.

ಇಷ್ಟು ಅಪಾಯದ ಕೆಲಸವನ್ನು ನಾವು ಹರಟುತ್ತ, ಹಾಡು ಗುನುಗುತ್ತ ಮಾಡಿ ಮುಗಿಸುತ್ತೇವೆ. ಏಕೆಂದರೆ ಮೂರು ಕಡೆಗಳಿಂದ ಮಿದುಳಿಗೆ ಎಡೆಬಿಡದೆ ಸುದ್ದಿ ಬರುತ್ತಿರುತ್ತದೆ. ಮೊದಲನೆಯದು ಕಣ್ಣು. ಎರಡನೆಯದು ಒಳಕಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಅವುಗಳಲ್ಲಿನ ದ್ರವ ಹಿಂದುಳಿದು ನರಗಳ ತುದಿಗಳನ್ನು ತಾಕುತ್ತದೆ. ಅವುಗಳ ಪಕ್ಕದಲ್ಲಿಯೇ ಇರುವ ಎರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳಿದ್ದು, ಭೂಮಿಯ ಸೆಳೆತ ಯಾವ ಕಡೆಗೆಂಬುದನ್ನು ಅವು ತಿಳಿಸುತ್ತವೆ. ಕಿವಿಗೆ ಬಿಸಿನೀರನ್ನೋ ತಣ್ಣೀರನ್ನೋ ಬಿಟ್ಟಾಗ ತಲೆ ಸುತ್ತಿ ಕಣ್ಣಾಲಿಗಳು ಓಲಾಡುವುದನ್ನು ಕಂಡು ಈ ಅಂಗದ ಕಾರ್ಯವನ್ನು ಬಿಡಿಸಿ ತೋರಿಸಿದವರು ವಿಯನ್ನಾದ ವೈದ್ಯ ರಾಬರ್ಟ್ ಬಾರಾನಿ. 1914ನೆಯ ಇಸವಿಯ ನೊಬೆಲ್ ಪಾರಿತೋಷಿಕ ತಮಗೆ ಸಂದಿತೆಂಬ ಸುದ್ದಿ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು.

ಮೂರನೆಯ ಸುದ್ದಿಗಾರರು ನಮ್ಮ ಕಾಲುಗಳೇ. ಅಂಗಾಲಿನ ಚರ್ಮ, ಕೀಲು, ಸ್ನಾಯು, ಸ್ನಾಯುರಜ್ಜು ಇವುಗಳಲ್ಲಿ ಹುದುಗಿರುವ ನರಗಳು, ಯಾವ ಕೀಲು ಎಷ್ಟು ಬಾಗಿದೆ, ಭಾರ ಯಾವ ಅಂಚಿನ ಮೇಲೆ ಬಿದ್ದಿದೆ ಎಂಬುದನ್ನು ಹೇಳುತ್ತಿರುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವೆ ಬರ್ಲಿನ್ನಿನ ವೈದ್ಯ ರೋಂಬರ್ಗ್ ಅವರು ಬೆನ್ನುಹುರಿ ಕೆಟ್ಟ ರೋಗಿಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಕಣ್ಣು ತೆರೆದಿದ್ದಾಗ ಅವರು ನಿಲ್ಲಬಲ್ಲರು. ಕಣ್ಣು ಮುಚ್ಚಿದೊಡನೆ ತೂರಾಡುತ್ತಾರೆ. ಕಾಲಿನ ಸುದ್ದಿ ನಿಂತುಹೋದವರು ಕಣ್ಣೊಂದನ್ನೇ ನೆಚ್ಚಿ ನಿಂತಿರುತ್ತಾರೆಂದು ಇದರ ಅರ್ಥ. ಬಹುಕಾಲದ ಸಿಹಿಮೂತ್ರ ರೋಗದಲ್ಲಿ ಅಂಗಾಲು ಜೋಮುಗಟ್ಟಿದವರ ಪಾಡೂ ಇದೇ. ಅಂಥವರು ಬಚ್ಚಲಿನಲ್ಲಿ ನಿಂತು, ಸೋಪಿನ ನೊರೆಗೆ ಹೆದರಿ ಕಣ್ಣು ಮುಚ್ಚಿ, ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಆಗುವುದೇನೆಂಬುದನ್ನು ವಿವರಿಸಬೇಕಾಗಿಲ್ಲ.

ವಯಸ್ಸಾದಂತೆ ಈ ಮೂರು ಸುದ್ದಿಗಳೂ ಮಂಕಾಗುತ್ತವೆ. ಕಣ್ಣಿಗೆ ಪೊರೆ ಬರುತ್ತದೆ. ಸುದ್ದಿ ತಲುಪಿದರೂ ಮಿದುಳು ತೀರ್ಮಾನ ಕೈಗೊಳ್ಳುವುದು ತಡವಾಗುತ್ತದೆ; ಅಪ್ಪಣೆ ಬಂದರೂ ತೊಡೆಯ ಸ್ನಾಯುಗಳಿಗೆ ಹಿಂದಿನ ಬಿರುಸಿರುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಮೇರಿ ಟಿನೆಟ್ಟಿ ಮತ್ತು ಅವರ ಸಂಗಡಿಗರು 75 ವರ್ಷ ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಿ 1988ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ 108 ಮಂದಿ ಒಮ್ಮೆಯಾದರೂ ಬಿದ್ದಿದ್ದರು. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ನಿದ್ರೆಯ ಮದ್ದು, ಕಾಲಿನ ನಿಶ್ಶಕ್ತಿ, ಸಮತೋಲದ ಕೊರತೆ, ಪಾದದ ತೊಂದರೆ ಮೊದಲಾದ ದೋಷಗಳಲ್ಲಿ ಒಂದೂ ಇಲ್ಲದವರು ಬೀಳುವ ಸಂಭವ ನೂರಕ್ಕೆ 8 ಮಾತ್ರ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ದೋಷಗಳು ಕೂಡಿದವರಲ್ಲಿ ಅದು ನೂರಕ್ಕೆ 78. ಹಗ್ಗದ ಒಂದು ಎಳೆ ಹರಿದರೆ ಕೊಡ ಬಾವಿಗೆ ಬೀಳುವುದಿಲ್ಲ. ಎಳೆಗಳು ಒಂದೊಂದಾಗಿ ಹರಿಯುತ್ತ ಬಂದು, ಕೊನೆಗೊಂದು ದಿನ ಬೀಳುತ್ತದೆ. ಆ ದಿನ ನಾವು ‘ವಯಸ್ಸಾಯಿತು, ಬಿದ್ದರು’ ಎಂದುಬಿಡುತ್ತೇವೆ. ಈ ಮಾತಿನಲ್ಲಿ ಅನುಕಂಪವಿದೆ, ವಿಚಾರವಿಲ್ಲ. ಹರಿದ ಎಳೆಗಳಲ್ಲಿ ಎರಡನ್ನು ಮತ್ತೆ ಹೊಸೆದರೂ ಕೊಡ ನಿಲ್ಲುತ್ತದೆಂಬುದೇ ಈ ಸಂಶೋಧನೆಯ ತಿರುಳು.

ಬಿದ್ದರೆ ಮುರಿಯುವುದೇನು? ಇಲ್ಲಿಯೂ ಒಂದು ಕುತೂಹಲದ ಸಂಗತಿಯುಂಟು. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಅವರು 1814ರಲ್ಲಿ ವರ್ಣಿಸಿದ ಮಣಿಕಟ್ಟಿನ ಮುರಿತ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಐವತ್ತು ಅರವತ್ತರ ಆಸುಪಾಸಿನವರು ಬೀಳುವಾಗ ಕೈಯನ್ನು ಮುಂದೆ ಚಾಚುತ್ತಾರೆ. ಪೆಟ್ಟು ಮಣಿಕಟ್ಟಿಗೆ ಬೀಳುತ್ತದೆ. ಎಂಬತ್ತರವರಲ್ಲಿ ಮುರಿಯುವುದು ಹೆಚ್ಚಾಗಿ ತೊಡೆಯೆಲುಬಿನ ಕತ್ತು. ನಿಂತವನು ತೂಕ ತಪ್ಪಿ ನೆಲ ಮುಟ್ಟುವುದಕ್ಕೆ ಒಂದು ಸೆಕೆಂಡು ಕೂಡ ಬೇಕಾಗುವುದಿಲ್ಲ. ಅಷ್ಟರೊಳಗೆ ಅವರ ಕೈ ನೆಲಕ್ಕೆ ಬಂದು ತಲುಪುವುದಿಲ್ಲ. ಪಕ್ಕಕ್ಕೆ ಬಿದ್ದವರ ಪೂರ್ತಿ ಭಾರ ತೊಡೆಯ ಮೇಲ್ಗಡೆಯ ಎಲುಬಿನ ಗುಬುಟಿನ ಮೇಲೆ ಎರಗುತ್ತದೆ; ಒಳಗೆ ಟೊಳ್ಳಾಗಿರುವ ಮೂಳೆ ಮುರಿಯುತ್ತದೆ. ಜನರು ‘ಸೊಂಟ ಮುರಿಯಿತು’ ಎನ್ನುವುದು ಇದನ್ನೇ. ಹೀಗೆ ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆಂಬುದನ್ನು ನೆನೆದರೆ, ವಿಷಯ ಎಷ್ಟು ಗಂಭೀರವಾದುದೆಂಬುದು ಮನವರಿಕೆಯಾದೀತು. ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜು ಮಾಡಿತು. ಅಪಘಾತದ ಸಾವುಗಳಲ್ಲಿ ರಸ್ತೆಯ ಅಪಘಾತಗಳನ್ನು ಬಿಟ್ಟರೆ ಇದಕ್ಕೇ ಎರಡನೆಯ ಸ್ಥಾನ. ನಮ್ಮ ದೇಶದಲ್ಲಿ ಅರವತ್ತು ತುಂಬಿದವರು 2011ರ ಜನಗಣತಿಯಲ್ಲಿಯೇ ಹತ್ತು ಕೋಟಿಯನ್ನು ಮೀರಿದ್ದರು.

ವೃದ್ಧರು ನಿಜವಾಗಿ ಹೇಗೆ ಬೀಳುತ್ತಾರೆ? ಬಿದ್ದವರನ್ನು ಕೇಳಿದರೆ ‘ಹೇಗೋ ಬಿದ್ದುಬಿಟ್ಟೆ’ ಎನ್ನುತ್ತಾರೆ. ಕೆನಡದ ಸ್ಟೀವನ್ ರಾಬಿನೊವಿಚ್ ಮತ್ತು ಸಂಗಡಿಗರು ಬ್ರಿಟಿಷ್ ಕೊಲಂಬಿಯ ಪ್ರಾಂತದ ಎರಡು ವೃದ್ಧಾಶ್ರಮಗಳ ಪಡಸಾಲೆಗಳಲ್ಲಿ, ಊಟದ ಕೋಣೆಗಳಲ್ಲಿ ಕ್ಯಾಮರಾಗಳನ್ನು ಇಟ್ಟು, 130 ಮಂದಿ ಬಿದ್ದ 227 ಸಂದರ್ಭಗಳ ವಿಡಿಯೊ ಚಿತ್ರಗಳನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಅವರ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಜಾರಿ ಬಿದ್ದುದು ನೂರಕ್ಕೆ 3 ಮಾತ್ರ! ಎಡವಿದುದು ನೂರಕ್ಕೆ 21. ಎಲ್ಲಕ್ಕಿಂತ ಹೆಚ್ಚಾಗಿ, ನೂರಕ್ಕೆ 41 ಬಾರಿ, ಬೀಳುವುದಕ್ಕೆ ಕಾರಣ ದೇಹದ ಭಾರವನ್ನು ಸರಿಸುವುದರಲ್ಲಿ ಆದ ತಪ್ಪು. ತಿರುಗುವಾಗ, ಕುಳಿತುಕೊಳ್ಳುವಾಗ, ಏನನ್ನೋ ತೆಗೆದುಕೊಳ್ಳಲು ಬಾಗುವಾಗ ಭಾರವು ಪಾದಗಳ ಆವರಣವನ್ನು ದಾಟಿ ಹೋಗುತ್ತದೆ; ಅದನ್ನು ಹಿಂದಕ್ಕೆ ತರುವ ಹೆಜ್ಜೆ ಸಕಾಲದಲ್ಲಿ ಬೀಳುವುದಿಲ್ಲ. ಆ ಆಶ್ರಮಗಳ ಒಣನೆಲಕ್ಕೂ ನಮ್ಮ ಹಸಿ ಬಚ್ಚಲಿಗೂ ಹೋಲಿಕೆ ಸಲ್ಲದು, ನಿಜ. ಆದರೂ ನೆಲವನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವಂತಿಲ್ಲವೆಂಬುದು ಇದರಿಂದ ಸ್ಪಷ್ಟ.

ಸ್ವೀಡನ್ನಿನ ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಸರಳ. 1997ರಲ್ಲಿ ಪ್ರಕಟವಾದ ಈ ಪರೀಕ್ಷೆಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಆಶ್ರಮವಾಸಿಗಳಾದ 58 ವೃದ್ಧರೊಡನೆ ಹೆಜ್ಜೆ ಹಾಕುತ್ತ ಸಂಶೋಧಕರು ಮಾತು ತೆಗೆದರು. ಹನ್ನೆರಡು ಮಂದಿ ಉತ್ತರ ಕೊಡುವುದಕ್ಕಾಗಿ ನಡೆಯುವುದನ್ನು ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಬಿದ್ದರು. ಒಮ್ಮೆ ತಾನಾಗಿಯೇ ನಡೆಯುತ್ತಿದ್ದ ನಡಿಗೆ ಈಗ ಗಮನವಿಟ್ಟು ಮಾಡಬೇಕಾದ ಕೆಲಸವಾಗಿದೆಯೆಂಬುದಕ್ಕೆ ಆ ನಿಲುಗಡೆಯೇ ಗುರುತು. ಸಂಜೆಯ ಹೊತ್ತು ಅಜ್ಜನೊಡನೆ ನಡೆದು ಬರುವ ವಿದ್ಯಾರ್ಥಿಯು ಇದನ್ನು ತಾನೇ ಗಮನಿಸಬಹುದು.

ಈಗ ನಾವು ಈ ಲೇಖನದ ಮುಖ್ಯ ವಿಷಯಕ್ಕೆ ಬಂದೆವು. ಇಂಥ ಮನೆಗಳು ನಮ್ಮ ಎಲ್ಲ ಊರುಗಳಲ್ಲಿಯೂ ಇವೆ. ಅಜ್ಜಿ ಒಂದು ದಿನ ಹಿತ್ತಿಲಿನಲ್ಲಿ ಬೀಳುತ್ತಾರೆ. ದೇವರ ದಯೆ, ಮೂಳೆ ಮುರಿದಿಲ್ಲ. ಆದರೆ ಅಂದಿನಿಂದ ಮನೆಯವರೆಲ್ಲ ‘ನೀವು ಏಳಬೇಡಿ, ಬೇಕಾದುದನ್ನು ಕುಳಿತಲ್ಲಿಗೇ ತಂದುಕೊಡುತ್ತೇವೆ’ ಎನ್ನುತ್ತಾರೆ. ಹೂ ಬಿಡಿಸಲು ಹೋಗುವಂತಿಲ್ಲ, ಅಡುಗೆಮನೆಗೆ ಬರುವಂತಿಲ್ಲ. ಅಜ್ಜಿಗೂ ಒಳಗೊಳಗೆ ಭಯ. ಪ್ರೀತಿಯಿಂದಲೇ ಮಾಡಿದ ಈ ಏರ್ಪಾಡಿನ ಫಲವೇನು? ಅಮೆರಿಕದಲ್ಲಿ ಆರೋಗ್ಯವಂತರಾದ ಹನ್ನೆರಡು ಮಂದಿ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಿದರು. ಅವರ ಸರಾಸರಿ ವಯಸ್ಸು 67. 2007ರಲ್ಲಿ ಪ್ರಕಟವಾದ ಲೆಕ್ಕದಂತೆ, ಕೇವಲ ಹತ್ತು ದಿನಗಳಲ್ಲಿ ಅವರ ಕಾಲುಗಳು ಕೊಬ್ಬಲ್ಲದ ತೂಕದಲ್ಲಿ ಸುಮಾರು ಒಂದು ಕಿಲೋಗ್ರಾಂ ಕಳೆದುಕೊಂಡಿದ್ದವು. ಕೂತ ಕಾಲು ಸೊರಗುತ್ತದೆ. ಸೊರಗಿದ ಕಾಲು ಬೀಳಿಸುತ್ತದೆ. ಬಿದ್ದ ಭಯ ಮತ್ತೆ ಕೂರಿಸುತ್ತದೆ. ಬೀಳದಿರಲೆಂದು ಕೂರಿಸಿದುದೇ ಮುಂದಿನ ಬಾರಿ ಬೀಳುವುದಕ್ಕೆ ಸಿದ್ಧತೆಯಾಗುತ್ತದೆ.

ಹಾಗಾದರೆ ಮಾಡಬೇಕಾದುದು ಇದಕ್ಕೆ ವಿರುದ್ಧವಾದುದೇ? ಹೌದು, ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು ಅದನ್ನೇ ಮಾಡಿ ನೋಡಿದರು. ಎಂಬತ್ತು ತುಂಬಿದ 233 ಮಂದಿ ಸ್ತ್ರೀಯರನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿನವರ ಮನೆಗಳಿಗೆ ಅಂಗಸಾಧನೆಯ ಶಿಕ್ಷಕರನ್ನು ಕಳುಹಿಸಿದರು. ಕಾಲಿನ ಹರಡಿಗೆ ಚಿಕ್ಕ ತೂಕದ ಪಟ್ಟಿ ಕಟ್ಟಿಕೊಂಡು ಮೊಣಕಾಲನ್ನು ನೀಡುವುದು, ಕುರ್ಚಿಯಿಂದ ಏಳುವುದು, ತುದಿಗಾಲಿನಲ್ಲಿ ನಿಲ್ಲುವುದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ನೇರಗೆರೆಯಲ್ಲಿ ನಡೆಯುವುದು, ಅಡ್ಡಹೆಜ್ಜೆ ಹಾಕುವುದು ಹೀಗೆ ಕೆಲವು ಸಾಮಾನ್ಯ ವ್ಯಾಯಾಮಗಳು. ವಾರಕ್ಕೆ ಮೂರು ಬಾರಿ, ಬಾರಿಗೆ ಅರ್ಧ ಗಂಟೆ. ಒಂದು ವರ್ಷದ ಕೊನೆಯಲ್ಲಿ ಸುಮ್ಮನಿದ್ದ ಗುಂಪಿನವರು ಬಿದ್ದುದು 152 ಬಾರಿ, ವ್ಯಾಯಾಮ ಮಾಡಿದವರು 88 ಬಾರಿ. ಇದು 1997ರ ಮಾತು. ಆ ಬಳಿಕ ನಾನಾ ದೇಶಗಳಲ್ಲಿ ನಡೆದ 108 ಪರೀಕ್ಷೆಗಳನ್ನು ಸಿಡ್ನಿಯ ಕ್ಯಾಥರೀನ್ ಶೆರಿಂಗ್ಟನ್ ಮತ್ತು ಸಂಗಡಿಗರು ಒಟ್ಟುಗೂಡಿಸಿ 2019ರಲ್ಲಿ ತೂಗಿ ನೋಡಿದರು. ವ್ಯಾಯಾಮವು ಬೀಳುವುದನ್ನು ನೂರಕ್ಕೆ 23ರಷ್ಟು ಕಡಿಮೆ ಮಾಡುತ್ತದೆಂದು ಕಂಡುಬಂತು. ಕೀಲು ಸ್ನಾಯುಗಳಿಂದ ಮಿದುಳಿಗೆ ಬರುವ ಆ ಮೂರನೆಯ ಸುದ್ದಿಗೆ 1906ರಲ್ಲಿ ಪ್ರೋಪ್ರಿಯೋಸೆಪ್ಷನ್ ಎಂಬ ಹೆಸರಿಟ್ಟ ಆಂಗ್ಲ ವಿಜ್ಞಾನಿಯೂ ಒಬ್ಬ ಶೆರಿಂಗ್ಟನ್ನರೇ ಎಂಬುದು ಒಂದು ಸೊಗಸಾದ ಆಕಸ್ಮಿಕ.

ಇಲ್ಲಿ ಒಂದು ಎಚ್ಚರಿಕೆ. ‘ದಿನವೂ ವಾಕಿಂಗ್ ಹೋಗುತ್ತೇನೆ, ಸಾಲದೆ?’ ಎಂದು ಹಿರಿಯರು ಕೇಳುವುದುಂಟು. ನಡಿಗೆ ಹೃದಯಕ್ಕೆ ಹಿತ. ಆದರೆ ನಡಿಗೆಯೊಂದೇ ಬೀಳುವುದನ್ನು ತಡೆಯುತ್ತದೆಂಬುದಕ್ಕೆ ಆ ಪರೀಕ್ಷೆಗಳಲ್ಲಿ ಖಚಿತವಾದ ಆಧಾರ ಸಿಕ್ಕಲಿಲ್ಲ. ಸಮತೋಲವನ್ನು ಸ್ವಲ್ಪ ಕೆಣಕುವ ವ್ಯಾಯಾಮವೇ ಬೇಕು. ಈಜನ್ನು ದಡದಲ್ಲಿ ಕುಳಿತು ಕಲಿಯಲಾಗುವುದಿಲ್ಲವಷ್ಟೆ. ಅಡುಗೆಮನೆಯ ಕಟ್ಟೆಯನ್ನು ಬೆರಳಿನಿಂದ ಮುಟ್ಟಿಕೊಂಡು ಒಂಟಿಕಾಲಿನಲ್ಲಿ ನಿಲ್ಲುವುದರಿಂದ ತೊಡಗಬಹುದು. ಮೊದಮೊದಲು ಪಕ್ಕದಲ್ಲಿ ಒಬ್ಬರಿರಬೇಕು. ಮಣೆಯ ಮೇಲೆ ಕುಳಿತು ಉಂಡು, ಕೈಯೂರದೆ ಏಳುತ್ತಿದ್ದ ನಮ್ಮ ಹಿಂದಿನವರಿಗೆ ಈ ಸಾಧನೆ ದಿನಕ್ಕೆರಡು ಬಾರಿ ತಾನಾಗಿಯೇ ಆಗುತ್ತಿತ್ತೆಂದು ನಮಗನಿಸುತ್ತದೆ. ಹಾಗೆಂದು ಮಂಡಿನೋವಿನವರನ್ನು ಈಗ ನೆಲಕ್ಕೆ ಕೂರಿಸಹೊರಡುವುದು ವಿವೇಕವಲ್ಲ.

ಉಳಿದ ಎಳೆಗಳನ್ನೂ ನೋಡೋಣ. ನಿದ್ರೆಯ ಮತ್ತು ಮನಸ್ಸಿನ ಮದ್ದುಗಳನ್ನು ನುಂಗುತ್ತಿದ್ದ ವೃದ್ಧರಿಗೆ ಅವುಗಳನ್ನು ಮೆಲ್ಲಮೆಲ್ಲನೆ ಬಿಡಿಸಿದಾಗ ಬೀಳುವುದು ಮೂರನೆಯ ಒಂದು ಪಾಲಿಗೆ ಇಳಿಯಿತೆಂದು ಒಟಾಗೊದವರೇ 1999ರಲ್ಲಿ ವರದಿ ಮಾಡಿದರು. ಪರೀಕ್ಷೆ ಮುಗಿದ ಒಂದು ತಿಂಗಳಲ್ಲಿ ಮದ್ದು ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮತ್ತೆ ಅದಕ್ಕೇ ಮರಳಿದರೆಂಬುದು ಮನುಷ್ಯಸ್ವಭಾವದ ಮಾತು! ಇಂಥ ಮದ್ದನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರಿಗೆ ತೋರಿಸುವುದೇ ಸರಿಯಾದ ದಾರಿ. ಮಲಗಿದ್ದವರು ಎದ್ದುನಿಂತ ಮೂರು ನಿಮಿಷಗಳೊಳಗೆ ರಕ್ತದ ಒತ್ತಡದ ಮೇಲಂಕಿ 20 ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ಕಣ್ಣು ಕತ್ತಲೆಗಟ್ಟುತ್ತದೆ. ರಾತ್ರಿ ಎದ್ದವರು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಬಳಿಕ ನಿಲ್ಲಬೇಕೆನ್ನುವುದು ಇದಕ್ಕಾಗಿಯೇ. ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯನ್ನು ಮುಂದಕ್ಕೆ ಹಾಕದೆ ಬೇಗ ಮಾಡಿಸಿಕೊಂಡ ಸ್ತ್ರೀಯರು ಬೀಳುವುದು ನೂರಕ್ಕೆ 34ರಷ್ಟು ಕಡಿಮೆಯಾಯಿತೆಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನಡೆದ ಪರೀಕ್ಷೆ 2005ರಲ್ಲಿ ತೋರಿಸಿತು. ಓದುವ ಗಾಜು ಕೆಳಭಾಗದಲ್ಲಿರುವ ಕನ್ನಡಕವನ್ನು ಹಾಕಿಕೊಂಡು ಮೆಟ್ಟಲಿಳಿಯುವವರಿಗೆ ಮೆಟ್ಟಲಿನ ಅಂಚು ಮಸುಕಾಗಿ ಕಾಣುತ್ತದೆ. ಹೊರಗಿನ ಓಡಾಟಕ್ಕೆ ದೂರದ ನೋಟದ ಕನ್ನಡಕವೇ ಬೇರೆಯಿರುವುದು ಲೇಸು. ಇನ್ನು ಡಿ ಜೀವಸತ್ವ. ವರ್ಷಕ್ಕೊಮ್ಮೆ ಐದು ಲಕ್ಷ ಮಾನದಷ್ಟನ್ನು ಒಟ್ಟಿಗೇ ಕೊಟ್ಟು ನೋಡಿದ ಆಸ್ಟ್ರೇಲಿಯದ ಪರೀಕ್ಷೆಯಲ್ಲಿ (2010) ಬೀಳುವುದೂ ಮುರಿಯುವುದೂ ಹೆಚ್ಚಿದವೇ ಹೊರತು ಕಡಿಮೆಯಾಗಲಿಲ್ಲ. ಒಳ್ಳೆಯದೆಂದು ಹೇರಳವಾಗಿ ಸುರಿದುದೆಲ್ಲ ಒಳ್ಳೆಯದನ್ನೇ ಮಾಡಬೇಕೆಂಬ ನಿಯಮವಿಲ್ಲ.

ಮನೆಯ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಕಣ್ಣಿದ್ದವರಿಗೆ ಕಾಣುವಂಥದೇ. ಬಚ್ಚಲಿನ ಗೋಡೆಗೆ ಗಟ್ಟಿಯಾದ ಹಿಡಿ ಬೇಕು. ಬಟ್ಟೆ ಒಣಗಿಸುವ ಸರಳು ಹಿಡಿಯಲ್ಲ. ಅದು ಆಪತ್ತಿನಲ್ಲಿ ಕಿತ್ತು ಕೈಗೆ ಬರುತ್ತದೆ. ಸ್ನಾನಕ್ಕೆ ಅಲುಗಾಡದ ಪೀಠ, ಮಂಚದಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ಒಂದು ಸಣ್ಣ ದೀಪ, ಹೊಸ್ತಿಲ ಅಂಚಿಗೆ ಎದ್ದು ಕಾಣುವ ಬಣ್ಣ, ಸವೆದ ಹವಾಯಿ ಚಪ್ಪಲಿಯ ಬದಲು ಹಿಂಬದಿಗೆ ಪಟ್ಟಿಯಿರುವ ಪಾದರಕ್ಷೆ, ಹಿಮ್ಮಡಿಯಿಂದ ಮೇಲಕ್ಕೆ ಉಟ್ಟ ಸೀರೆ ಅಥವಾ ಪಂಚೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ಅಂಗಳದಲ್ಲಿ ಕಟ್ಟುವ ಪಾಚಿಯನ್ನು ವಾರಕ್ಕೊಮ್ಮೆ ಉಜ್ಜಿ ತೆಗೆಯುವ ಕೆಲಸ ಮನೆಯ ಹುಡುಗರದು.

ಇವೆಲ್ಲವೂ ಸೇರಿದರೆ ಬೀಳುವುದೇ ನಿಂತುಹೋಗುತ್ತದೆಂದು ನಾವು ಹೇಳಲಾರೆವು. ದಾದಿಯರು ಒಬ್ಬೊಬ್ಬ ವೃದ್ಧರ ದೋಷಗಳನ್ನು ಗುರುತಿಸಿ ಸಲಹೆ ಕೊಡುವ ಏರ್ಪಾಡನ್ನು ಅಮೆರಿಕದಲ್ಲಿ 5,451 ಮಂದಿಯ ಮೇಲೆ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದಾಗ, ಬಿದ್ದು ತೀವ್ರವಾಗಿ ಗಾಯಗೊಳ್ಳುವುದು ಎದ್ದು ಕಾಣುವಷ್ಟು ಇಳಿದಿರಲಿಲ್ಲ. ಸಲಹೆ ಕೊಡುವುದಕ್ಕೂ ವ್ಯಾಯಾಮವನ್ನು ದಿನದಿನವೂ ಮಾಡಿಸುವುದಕ್ಕೂ ಬಹಳ ಅಂತರವಿದೆಯೆಂದೇ ನಮ್ಮ ಭಾವನೆ. ಆ ಅಂತರವನ್ನು ತುಂಬಬಲ್ಲವರು ಮನೆಯಲ್ಲಿರುವವರು.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳುತ್ತೇವೆ. ಕೈಗಳಿರುವ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ, ಅಲ್ಲಿಂದ ಮೂರು ಮೀಟರ್ ದೂರದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅವರು ಎದ್ದು, ಎಂದಿನ ವೇಗದಲ್ಲಿ ಗೆರೆಯವರೆಗೆ ನಡೆದು, ತಿರುಗಿ ಬಂದು, ಮತ್ತೆ ಕುಳಿತುಕೊಳ್ಳಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರದಲ್ಲಿ ನೋಡಿರಿ. ನೀವು ಪಕ್ಕದಲ್ಲಿಯೇ ಇರಬೇಕು. ಹನ್ನೆರಡು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಬೀಳುವ ಸಂಭವ ಹೆಚ್ಚೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಎಣಿಸುತ್ತಾರೆ. ಅಂಥವರನ್ನು ವೈದ್ಯರಿಗೆ ತೋರಿಸಬೇಕು. ವ್ಯಾಯಾಮಕ್ಕೆ ತೊಡಗಿದ ಮೂರು ತಿಂಗಳ ಮೇಲೆ ಮತ್ತೊಮ್ಮೆ ಅಳೆದು ಹೋಲಿಸಬಹುದು.

ಕೊನೆಯದಾಗಿ, ಬಿದ್ದ ಮೇಲೆ ಏಳುವುದು. ಇದನ್ನು ಕಲಿಸುವವರು ಅಪರೂಪ. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ತೊಂಬತ್ತು ದಾಟಿದವರನ್ನು ಒಂದು ವರ್ಷ ಗಮನಿಸಿದಾಗ (2008ರ ವರದಿ), ಬಿದ್ದ 66 ಮಂದಿಯಲ್ಲಿ 53 ಮಂದಿ ಒಮ್ಮೆಯಾದರೂ ತಾವಾಗಿ ಏಳಲಾರದೆ ಹೋಗಿದ್ದರು. 20 ಮಂದಿ ಒಂದು ಗಂಟೆಗೂ ಮಿಕ್ಕಿ ನೆಲದ ಮೇಲೆಯೇ ಬಿದ್ದಿದ್ದರು. ಬಿದ್ದವರನ್ನು ಕಂಡ ಕೂಡಲೆ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸುವುದು ನಮ್ಮ ವಾಡಿಕೆ, ಅದು ತಪ್ಪು. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿದ್ದರೆ, ತೊಡೆಯ ಸಂದಿನಲ್ಲಿ ತೀವ್ರ ನೋವಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಅಲುಗಿಸದೆ, ಹೊದಿಕೆ ಹೊದಿಸಿ, 108ಕ್ಕೆ ಕರೆ ಮಾಡಬೇಕು. ಅಂಥದೇನೂ ಇಲ್ಲವೆಂದು ತಿಳಿದ ಮೇಲೆ ಬಿದ್ದವರೇ ಏಳಲಿ. ನಾವು ಗಟ್ಟಿಯಾದ ಒಂದು ಕುರ್ಚಿಯನ್ನು ತಂದು ಮುಂದಿಟ್ಟು ಹಿಡಿದುಕೊಂಡರಾಯಿತು. ಅವರು ಮೊದಲು ಪಕ್ಕಕ್ಕೆ ಹೊರಳಬೇಕು. ಬಳಿಕ ಮೊಣಕೈ ಊರಿ, ಅಂಗೈ ಊರಿ, ಅಂಬೆಗಾಲಿಗೆ ಬರಬೇಕು. ಕುರ್ಚಿಯ ಬಳಿಗೆ ತೆವಳಿ, ಎರಡು ಕೈಗಳನ್ನೂ ಅದರ ಮೇಲಿಟ್ಟು, ಬಲವಾದ ಕಾಲಿನ ಪಾದವನ್ನು ಮುಂದೆ ಊರಿ ಮೇಲೇಳಬೇಕು. ತಿರುಗಿ ಅದೇ ಕುರ್ಚಿಯಲ್ಲಿ ಕುಳಿತು ಕೆಲವು ನಿಮಿಷ ಸುಧಾರಿಸಿಕೊಳ್ಳಬೇಕು. ಮೊಣಕಾಲು ಅನುಕೂಲವಾಗಿರುವ ಹಿರಿಯರು ಇದನ್ನು ಬೀಳುವುದಕ್ಕೆ ಮೊದಲೇ, ಹಗಲುಹೊತ್ತಿನಲ್ಲಿ, ಚಾಪೆಯ ಮೇಲೆ, ಮೊಮ್ಮಕ್ಕಳು ಕುರ್ಚಿ ಹಿಡಿದಿರುವಾಗ ನಾಲ್ಕಾರು ಬಾರಿ ಅಭ್ಯಾಸ ಮಾಡಿಟ್ಟುಕೊಳ್ಳಬಹುದು.